ಕೊಗುರೆಯವರು ಹಾಡಿಗೆ ಹಾಡು ಸೇರಿಸಿದ್ದು

ಎರಡು ಹಾಡುಗಳ ನಡುವೆ ಒಂದು ಸಂದು ಇರುತ್ತದೆ. ನಮ್ಮ ಸೊಮೆಯಾ ಬೀದಿಯ ಬೊನ್ ಕುಣಿತ ಆ ಸಂದಿನೊಳಗೆ ಬಿದ್ದು ಪ್ರಾಣ ಬಿಡುವುದರಲ್ಲಿತ್ತು. ಅದನ್ನು ಕೈಹಿಡಿದು ಮೇಲೆತ್ತಿದವರು ನಮ್ಮ ಪಕ್ಕದ ಮನೆಯ ಕೊಗುರೆ ಮಿತ್ಸುಯುಕಿಯವರು. ಹೇಗೆ ಎತ್ತಿದಿರಿ ಎಂದು ಕೇಳಿದರೆ ಅವರಿಂದ ಹೇಳಲಾಗದು, ತಲೆ ಕೆರೆದುಕೊಳ್ಳುತ್ತಾರೆ. ಆದ್ದರಿಂದ ನಾನೇ ಹೇಳಬೇಕಾಗಿದೆ. ನಾನು ಅದೇ ಬೀದಿಯಲ್ಲಿ ಲಾಂಡ್ರಿ ಇಟ್ಟುಕೊಂಡಿರುವವನು. ಹಬ್ಬದ ಸಂಜೆ ಮಾತ್ರ ಮೈದಾನದ ನಡುವಿನ ಮರದ ಅಟ್ಟಣೆ ಹತ್ತಿ ಡೋಲು ಬಡಿಯುತ್ತೇನೆ. ಹೀಗಾಗಿ ನಡೆದದ್ದನ್ನೆಲ್ಲ ಮೇಲಿನಿಂದ ನೋಡಿದ್ದೇನೆ.

ಸಂದಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಬೊನ್ ಹಬ್ಬಕ್ಕೆ ತೀರಿಹೋದ ಹಿರಿಯರು ಮನೆಗೆ ಬರುತ್ತಾರೆ. ಅವರ ಖುಷಿಗೆ ನಾವು ಅಟ್ಟಣೆಯ ಸುತ್ತ ಕುಣಿಯುತ್ತೇವೆ. ಹಾಡು ನಡೆಯುತ್ತಿರುವಾಗ ಸುತ್ತು ಬಿಟ್ಟು ಹೊರಡುವುದು ನಮ್ಮಲ್ಲಿ ಸಭ್ಯತೆಯಲ್ಲ. ಕಾಲು ನೋಯಲಿ, ಮನೆಯಲ್ಲಿ ಸ್ನಾನದ ನೀರು ತಣ್ಣಗಾಗಲಿ, ಹಾಡು ಮುಗಿಯುವ ತನಕ ಮುಖದ ಮೇಲೆ ನಗು ಇಟ್ಟುಕೊಂಡು ಕೈ ಆಡಿಸುತ್ತಿರಬೇಕು. ಆದರೆ ಹಾಡು ನಿಂತಿತೋ, ಎಲ್ಲರಿಗೂ ಬಿಡುಗಡೆ. ಬೀದಿ ಸಂಘದ ಅಧ್ಯಕ್ಷ ಅರಾಮಾಕಿಯವರು ಕನ್ನಡಕ ಹುಡುಕಿ, ಕ್ಯಾಸೆಟ್ ಹುಡುಕಿ, ಅದರ ಯಾವ ಮಗ್ಗುಲು ಎಂದು ದೀಪಕ್ಕೆ ಹಿಡಿದು ನೋಡಿ, ಒಳಗೆ ಹಾಕಿ, ತಪ್ಪು ಮಗ್ಗುಲೆಂದು ಮತ್ತೆ ಹೊರತೆಗೆದು ತಿರುಗಿಸುವಷ್ಟರಲ್ಲಿ ಜನ ಒಬ್ಬರಿಗೊಬ್ಬರು ಬಗ್ಗಿ, "ನಿಮಗಿಂತ ಮುಂಚೆ ಹೊರಡ್ತಿದೀವಿ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ ಹೊರಟೇಹೋಗುತ್ತಿದ್ದರು. ಹೋದ ವರ್ಷ ಐದನೆಯ ಹಾಡಿನ ಹೊತ್ತಿಗೆ ಸುತ್ತು ಸವೆದು ಬಿದಿಗೆ ಚಂದ್ರನಾಗಿತ್ತು. ಅದರಲ್ಲಿದ್ದವರು ಕುಣಿತದ ಟೀಚರ್ ತ್ಸುಕುಯಿ ಅಜ್ಜಿ, ಅವರ ಕೆಲವು ಶಿಷ್ಯೆಯರು, ಮತ್ತು ಯಾರದೋ ನಾಯಿ.

ಈ ವರ್ಷ ಮಳೆ ಹಿಡಿದ ಒಂದು ಭಾನುವಾರ ಸಂಘದ ಸಭೆ ಸೇರಿತು. ಅರಾಮಾಕಿಯವರು ಗಂಟಲು ಸರಿಮಾಡಿಕೊಂಡರು.

"ಕ್ಯಾಸೆಟ್ ಪ್ಲೇಯರ್ ತೀರಿಕೊಂಡಿದೆ. ರಿಪೇರಿಯವನು ಬಿಚ್ಚಿ ನೋಡಿ ಕೈ ಮುಗಿದುಬಿಟ್ಟ. ಹಾಗಾಗಿ ನಮ್ಮ ಕುಣಿತ ನಿಲ್ಸಿ ಹೊನ್‌ಮಾಚಿ ಬೀದಿಯವರ ಜೊತೆ ಸೇರ್ಕೊಳ್ಳೋದು ವಾಸಿ ಅಂತ ಕಾಣತ್ತೆ. ಅವ್ರ ಹತ್ರ ದೊಡ್ಡ ಸ್ಪೀಕರ್ ಇದೆ. ಬಂದೋರಿಗೆಲ್ಲ ಐಸ್ ಕೂಡ ಕೊಡ್ತಾರೆ."

ಎಲ್ಲರೂ ಚಾಪೆ ನೋಡಿದರು. ನಮ್ಮಲ್ಲಿ ಸಭೆಯೆಂದರೆ ಬಹುಮಟ್ಟಿಗೆ ಚಾಪೆ ನೋಡುವುದೇ. ತಲೆ ಎತ್ತಿದವರು ತ್ಸುಕುಯಿ ಅಜ್ಜಿ ಒಬ್ಬರೇ. ಅವರ ಯಜಮಾನರು ನನಗಿಂತ ಮುಂಚೆ ಡೋಲು ಬಡಿಯುತ್ತಿದ್ದವರು. ಈಗ ಅವರೂ ಹಬ್ಬಕ್ಕೆ ಬರುವವರ ಸಾಲಿನಲ್ಲಿದ್ದಾರೆ.

"ಅಧ್ಯಕ್ಷರೇ, ನಮ್ಮನೆಯವ್ರು ಡೋಲಿನ ಸದ್ದು ಹಿಡ್ಕೊಂಡು ಬರೋರು. ಮೈದಾನಕ್ಕೆ ಬಂದಾಗ ಬರೀ ಸೈಕಲ್ ಸ್ಟ್ಯಾಂಡ್ ಕಂಡ್ರೆ ಅವ್ರು ಎಲ್ಲಿಗೆ ಹೋಗ್ಬೇಕು? ಬದುಕಿದ್ದಾಗ್ಲೇ ಯಾರ ಹತ್ರಾನೂ ದಾರಿ ಕೇಳಿದ ಮನುಷ್ಯ ಅಲ್ಲ."

ಅರಾಮಾಕಿಯವರು ಬೆವರು ಒರೆಸಿಕೊಂಡರು. ಸತ್ತವರ ಅನುಕೂಲದ ಪ್ರಶ್ನೆ ಬಂದರೆ ಎದುರಾಡುವುದು ಕಷ್ಟ.

"ಆಯ್ತು ಟೀಚರ್. ಈ ಒಂದು ವರ್ಷ ನೋಡೋಣ. ಆದ್ರೆ ಒಂದು ಷರತ್ತು. ಕಾರ್ಯಕ್ರಮ ಮುಗಿಯೋವಾಗ ಸುತ್ತು ಕೂಡಿರ್ಬೇಕು. ಸುತ್ತಿನ ತಲೆ ಅದರ ಬಾಲ ಮುಟ್ಟಿದ್ರೆ ಮುಂದಿನ ವರ್ಷಾನೂ ಕುಣಿತ ಉಂಟು. ಮುಟ್ಟದೆ ಇದ್ರೆ ಹೊನ್‌ಮಾಚಿ, ಐಸು. ಈಗ ಹೇಳಿ, ಹಾಡು ಹಾಕೋರು ಯಾರು?"

ಮತ್ತೆ ಚಾಪೆ. ಈ ಸಲದ ಮೌನ ಉದ್ದವಾಯಿತು, ಅದರ ಮಧ್ಯೆ ಕೊಗುರೆಯವರು ಕೂತಿದ್ದರು. ಅವರು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಾರಿನಲ್ಲಿ ಶಿಷ್ಯ ಇದ್ದಕ್ಕಿದ್ದಂತೆ ಮೌನವಾದರೆ ಮುಂದೇನೋ ಅನಾಹುತ ಕಾದಿದೆ ಎಂದು ಅವರ ಅನುಭವ. ಹೀಗಾಗಿ ಎಲ್ಲಿ ಮೌನ ಬಿದ್ದರೂ ಅವರ ಬಾಯಿ ತಾನೇ ತೆರೆದುಕೊಳ್ಳುತ್ತದೆ.

"ನಾನು ವಯಸ್ಸಲ್ಲಿ ಎರಡು ವರ್ಷ ತಕಾಸಾಕಿಯ ಡಿಸ್ಕೊದಲ್ಲಿದ್ದೆ" ಎಂದರು ಕೊಗುರೆ. ಅಲ್ಲಿ ಕಿವಿ ಕಿತ್ತುಹೋಗುವಷ್ಟು ಗದ್ದಲ ಎಂದು ಮುಂದುವರಿಸುವ ಆಲೋಚನೆ ಇತ್ತಂತೆ.

"ಹಾಗಾದ್ರೆ ಡೀಜೆ!" ಎಂದರು ಅರಾಮಾಕಿ. ಮೂವತ್ತು ತಲೆಗಳು ಚಾಪೆಯಿಂದ ಎದ್ದವು.

ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆದರೆ ಅಧ್ಯಕ್ಷರು ತುಂಬಿದ ಸಭೆಯಲ್ಲಿ ಆಡಿದ ಮಾತನ್ನು ಅಲ್ಲ ಎನ್ನುವುದು ಹೇಗೆ? ಅವರ ಮುಖ ಎಲ್ಲಿಟ್ಟುಕೊಳ್ಳಬೇಕು? ಆದ್ದರಿಂದ ಕೊಗುರೆಯವರು ಸುಮ್ಮನೆ ತಲೆ ಬಗ್ಗಿಸಿದರು. ನಮ್ಮಲ್ಲಿ ತಲೆ ಬಗ್ಗಿಸಿದರೆ ಹೌದು ಎಂದೂ ಆಗುತ್ತದೆ, ಇಲ್ಲ ಎಂದೂ ಆಗುತ್ತದೆ, ಕ್ಷಮಿಸಿ, ನನ್ನನ್ನು ಬಿಟ್ಟುಬಿಡಿ ಎಂದೂ ಆಗುತ್ತದೆ. ಸಭೆ ಅದನ್ನು ಹೌದು ಎಂದು ತೆಗೆದುಕೊಂಡು ಚಪ್ಪಾಳೆ ತಟ್ಟಿತು. ತ್ಸುಕುಯಿ ಅಜ್ಜಿ ಎದ್ದುಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ಲೋ ಮಿತ್ಸು, ಚಿಕ್ಕೋನಿದ್ದಾಗ ನಿಂಗೆ ಎಡಗಾಲು ಬಲಗಾಲು ಗೊತ್ತಾಗ್ತಿರ್ಲಿಲ್ಲ. ನಿನ್ನೊಳಗೆ ಇದೆಲ್ಲ ಇತ್ತೇನೋ?"

ಸುದ್ದಿ ಕೊಗುರೆಯವರಿಗಿಂತ ಮೊದಲೇ ಅವರ ಮನೆ ತಲುಪಿತ್ತು. ಹೆಂಡತಿ ಫುಸಾಯೆ ಬಾಗಿಲಲ್ಲೇ ನಿಂತಿದ್ದರು.

"ಮದುವೆಯಾಗಿ ಇಷ್ಟು ವರ್ಷ ಆಯ್ತು, ನೀವು ಡೀಜೆ ಅಂತ ತೋಫು ಅಂಗಡಿಯೋಳ ಬಾಯಿಂದ ಕೇಳ್ಬೇಕಾಯ್ತಲ್ರೀ. ಇನ್ನೂ ಏನೇನು ಮುಚ್ಚಿಟ್ಟಿದೀರಿ?"

"ಏನೂ ಇಲ್ಲ ಕಣೇ."

"ಹೂಂ. ನೋಡೋರಿಗೆ ಹಾಗೇ ಅನ್ನಿಸತ್ತೆ" ಎಂದರು ಫುಸಾಯೆ. ಆದರೆ ಅಂದು ರಾತ್ರಿಯ ಊಟಕ್ಕೆ, ವಿಶೇಷ ದಿನಗಳಲ್ಲಷ್ಟೇ ತರುವ ದುಬಾರಿ ಈಲ್ ಮೀನು ಇತ್ತು.

ಮರುದಿನ ಕೊಗುರೆಯವರು ಬಿಳಿ ಕೈಗವಸುಗಳನ್ನು ಒಗೆಯಲು ಕೊಡುವ ನೆಪದಲ್ಲಿ ನನ್ನ ಲಾಂಡ್ರಿಗೆ ಬಂದರು. ಡ್ರೈವಿಂಗ್ ಮೇಷ್ಟ್ರಿಗೆ ಅವು ಬೇಕೇ ಬೇಕು. ಕೌಂಟರಿನ ಮೇಲೆ ಬಾಗಿ ಸತ್ಯ ಹೇಳಿದರು.

"ನಾನು ಡಿಸ್ಕೊ ಒಳಗೆ ಇರ್ಲಿಲ್ಲ. ಬಾಗಿಲಲ್ಲಿದ್ದೆ. ಬಟ್ಟೆ ತಪಾಸಣೆ. ಕಾಲರ್ ಇಲ್ಲದೋರು, ಕ್ಯಾನ್ವಾಸ್ ಶೂ ಹಾಕ್ಕೊಂಡೋರು ಬಂದ್ರೆ, 'ಕ್ಷಮಿಸಿ, ಇವತ್ತು ಆಗಲ್ಲ' ಅಂತ ಬಗ್ಗಿ ವಾಪಸ್ ಕಳಿಸೋದು. ಎರಡು ವರ್ಷ ನೋಡಿದ್ದು ಬರೀ ಪಾದ. ಹಾಡು ಕೇಳಿದ್ದು ಗೋಡೆ ಆಚೆಯಿಂದ."

"ಹೋಗಿ ಅಧ್ಯಕ್ಷರಿಗೆ ಹೇಳಿಬಿಡಿ."

"ಹೇಳೋಣ ಅಂತಾನೇ ಹೋಗಿದ್ದೆ. ನನ್ನ ಹೆಸರಿನ ಭಿತ್ತಿಪತ್ರ ಅಂಟಿಸ್ತಿದ್ರು. ಏಣಿ ನಾನೇ ಹಿಡ್ಕೊಂಡಿದ್ದೆ."

ಬೀದಿಯ ಮೂಲೆಮೂಲೆಯಲ್ಲೂ ಆ ಭಿತ್ತಿಪತ್ರ ಇತ್ತು: 'ತಕಾಸಾಕಿಯ ಡಿಸ್ಕೊ ಖ್ಯಾತಿಯ ಕೊಗುರೆ'. ನಗರಸಭೆಯ ಸದಸ್ಯ ಸುನಾಗಾ ಸಾಹೇಬರು ಅದನ್ನು ನೋಡಿ, ಮೂರನೆಯ ಹಾಡು ಮುಗಿದ ಮೇಲೆ ಭಾಷಣ ಮಾಡಲು ತಾವೇ ಬರುವುದಾಗಿ ಹೇಳಿಕಳಿಸಿದ್ದರು. ಅವರು ವಯಸ್ಸಿನಲ್ಲಿ ಪ್ರತಿ ಶನಿವಾರ ಅದೇ ಡಿಸ್ಕೊದಲ್ಲಿ ಬೆಳಗಾಗುವವರೆಗೆ ಕುಣಿದವರಂತೆ. ಈ ಮಾತನ್ನು ಅವರು ಪ್ರತಿ ಚುನಾವಣೆಯಲ್ಲೂ ಯುವಜನರಿಗೆ ಹೇಳುತ್ತಾರೆ. ಅಲ್ಲಿನ ಒಬ್ಬೊಬ್ಬ ಡೀಜೆಯೂ ತಮಗೆ ಗೊತ್ತು, ಈ ಕೊಗುರೆ ಯಾರು ನೋಡಿಯೇ ಬಿಡುತ್ತೇನೆ ಎಂದರಂತೆ. ಇದನ್ನು ಹೇಳುವಾಗ ಕೊಗುರೆಯವರ ಮುಖ ನನ್ನ ಅಂಗಡಿಯ ಗಂಜಿ ಹಾಕಿದ ಅಂಗಿಯ ಬಣ್ಣಕ್ಕೆ ತಿರುಗಿತ್ತು.

ಕಲಿಯದೆ ಬೇರೆ ದಾರಿ ಇರಲಿಲ್ಲ. ಮದುವೆಯಾಗಿ ಹೋದ ಮಗಳು ಬಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಡೀಜೆಗಳ ಒಂದು ಸಾಫ್ಟ್‌ವೇರ್ ಇಳಿಸಿಕೊಂಡರು. ತೆರೆಯ ಮೇಲೆ ಎಡಕ್ಕೊಂದು ತಟ್ಟೆ, ಬಲಕ್ಕೊಂದು ತಟ್ಟೆ. ಒಂದೊಂದು ತಟ್ಟೆಗೆ ಒಂದೊಂದು ಹಾಡು. ಮೇಲೆ ಎರಡು ಹಾಡುಗಳ ತಾಳ ಎರಡು ಅಲೆಗಳಾಗಿ ಓಡುತ್ತವೆ. ಒಂದು ಹಾಡು ಮುಗಿಯುವ ಮುಂಚೆಯೇ ಇನ್ನೊಂದರ ವೇಗ ಅದಕ್ಕೆ ಹೊಂದಿಸಿ, ತಾಳದ ಮೇಲೆ ತಾಳ ಕೂರಿಸಿ, ಮೆಲ್ಲಗೆ ಆ ಕಡೆ ಜಾರಿಸಬೇಕು. ಕೇಳುವವರಿಗೆ ಎಲ್ಲಿ ಬಿಟ್ಟು ಎಲ್ಲಿ ಹಿಡಿದರೆಂದು ತಿಳಿಯಬಾರದು.

ಇದನ್ನೆಲ್ಲ ತಾನೇ ಮಾಡುವ ಒಂದು ಗುಂಡಿ ಅದರಲ್ಲಿತ್ತು. ಕೊಗುರೆಯವರು ಒತ್ತಿದರು. ಆದರೆ ನಮ್ಮ ಬೀದಿಯ ಹಾಡುಗಳು ಯಾವ ಕಾಲದಲ್ಲೋ ಯಾರದೋ ಜಗಲಿಯಲ್ಲಿ ಕೂತು, ನಡುನಡುವೆ ಸಾಕೆ ಎಂಬ ಅಕ್ಕಿ ಹೆಂಡ ಹೀರುತ್ತ ಹಾಡಿದವು. ರೇಷ್ಮೆ ಹಾಡು ಮೊದಲ ನುಡಿಗೆ ನಡೆಯುತ್ತದೆ, ಮೂರನೆಯ ನುಡಿಗೆ ಓಡುತ್ತದೆ, ಆಮೇಲೆ ತುಸು ತೂರಾಡುತ್ತದೆ. ಕಂಪ್ಯೂಟರ್ ಅದರ ತಾಳ ಎಣಿಸಲು ಹೋಗಿ ಎರಡರಷ್ಟು ಎಣಿಸಿತು. ಹೊಳೆ ಹಾಡಿನ ಜೊತೆ ಸೇರಿಸಿದಾಗ ಎರಡೂ ಸೇರಿ, ನನ್ನ ಒಗೆಯುವ ಯಂತ್ರದೊಳಗೆ ಯಾರೋ ಮರದ ಚಪ್ಪಲಿ ಬಿಟ್ಟುಹೋದಂಥ ಸದ್ದು ಹೊರಡಿಸಿದವು.

"ಇದು ಆಟೋಮ್ಯಾಟಿಕ್ ಗಾಡಿ ಲೈಸೆನ್ಸ್ ತಗೊಂಡೋರ ಗುಂಡಿ" ಎಂದು ಕೊಗುರೆಯವರು ತಿರಸ್ಕಾರದಿಂದ ನುಡಿದರು. ಗೇರ್ ಕಲಿಯಲು ಒಲ್ಲದ ಶಿಷ್ಯರ ಬಗ್ಗೆ ಅವರಿಗೆ ಮೊದಲಿನಿಂದಲೂ ಕೋಪ. ಆದರೆ ಕೈಯಾರೆ ಸೇರಿಸಲು ಹೋದರೆ ಚಪ್ಪಲಿ ಒಂದಿದ್ದದ್ದು ಎರಡಾಗುತ್ತಿತ್ತು.

ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಅವರು ಹೆಡ್‌ಫೋನ್ ಹಾಕಿಕೊಂಡು, ಕಿಟಕಿಯ ಬಳಿ ಕೂತು ಅಭ್ಯಾಸ ಮಾಡುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ಇಷ್ಟು: ಬಿಳಿ ಕೈಗವಸು ತೊಟ್ಟ ಒಬ್ಬ ಮನುಷ್ಯ, ಎಲ್ಲೂ ಯಾವ ಸದ್ದೂ ಇಲ್ಲದೆ, ತಲೆ ಆಡಿಸುತ್ತಿದ್ದಾನೆ, ನಡುನಡುವೆ ಹಣೆ ಚಚ್ಚಿಕೊಳ್ಳುತ್ತಿದ್ದಾನೆ. ತೋಫು ಅಂಗಡಿಯವಳು ಫುಸಾಯೆಗೆ ಒಳ್ಳೆಯ ವೈದ್ಯರೊಬ್ಬರ ಹೆಸರು ಹೇಳಿದಳು. ಅರಾಮಾಕಿಯವರು ಮಾತ್ರ ಕಿಟಕಿಯಿಂದ ನೋಡಿ ಕಣ್ಣು ತುಂಬಿಕೊಂಡು, "ಕಲಾವಿದರಪ್ಪ" ಎಂದು ಹೋದರು.

ಹಬ್ಬ ಹತ್ತಿರ ಬಂದಾಗ ನನ್ನ ಡೋಲಿಗೆ ಹೊಸ ಚರ್ಮ ಹಾಕಿಸಲು ನಾನೂ ಕೊಗುರೆಯವರೂ ನನ್ನ ವ್ಯಾನಿನಲ್ಲಿ ಹೋಗಿದ್ದೆವು. ಬರುವಾಗ ಹೆದ್ದಾರಿಗೆ ಸೇರುವ ಇಳಿಜಾರಿನಲ್ಲಿ ನಾನು ಎಂದಿನಂತೆ ಹೆದರಿ ಬ್ರೇಕ್ ಒತ್ತಿದೆ. ಕೊಗುರೆಯವರೊಳಗಿನ ಮೇಷ್ಟ್ರು ಎದ್ದುಬಿಟ್ಟರು.

"ನಿಲ್ಲಿಸ್ಬೇಡಿ. ನಿಂತು ಆಮೇಲೆ ನುಗ್ಗಿದ್ರೆ ಡಿಕ್ಕಿ. ಮೊದಲು ಪಕ್ಕದ ಲಾರಿ ವೇಗಕ್ಕೆ ನಿಮ್ಮ ವೇಗ ತನ್ನಿ. ಅವನ ಹಾಗೇ ಓಡಿ. ಜೊತೇಲಿ ಓಡ್ತಾ ಇದ್ರೆ ಜಾಗ ತಾನೇ ಕಾಣತ್ತೆ. ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಈಗ ಮೆಲ್ಲಗೆ ಒಳಗೆ ಜಾ..."

ಮಾತು ಅಲ್ಲಿಗೆ ನಿಂತಿತು. ಲಾರಿ ಪಕ್ಕದಲ್ಲಿ ಓಡುತ್ತಿತ್ತು. ಕೊಗುರೆಯವರು ಅದನ್ನೇ ನೋಡುತ್ತಿದ್ದರು.

"ಲಾಂಡ್ರಿಯವರೇ," ಎಂದರು, "ರೇಷ್ಮೆ ಹಾಡು ಲಾರಿ."

ಅಂದಿನಿಂದ ಹಣೆ ಚಚ್ಚಿಕೊಳ್ಳುವುದು ನಿಂತಿತು. ಎಡದ ತಟ್ಟೆ ಹೆದ್ದಾರಿ, ಬಲದ ತಟ್ಟೆ ಇಳಿಜಾರು. ಓಡುತ್ತಿರುವ ಹಾಡು ಸಣ್ಣ ದನಿಯಲ್ಲಿ ಹೊರಗಿನಿಂದ ಒಂದು ಕಿವಿಯಲ್ಲಿ, ಸೇರಬೇಕಾದ ಹಾಡು ಹೆಡ್‌ಫೋನಿನಿಂದ ಇನ್ನೊಂದು ಕಿವಿಯಲ್ಲಿ. ವೇಗದ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸುವುದು, ತಟ್ಟೆಯ ಅಂಚನ್ನು ಬೆರಳಿನಿಂದ ಮುಂದೆ ದೂಡುವುದು, ಜೊತೆಯಲ್ಲಿ ಓಡುವುದು, ಕನ್ನಡಿ, ಸಿಗ್ನಲ್, ಜಾರು. ಮೊದಲ ಸಲ ಎರಡು ಹಾಡು ಡಿಕ್ಕಿಯಿಲ್ಲದೆ ಕೂಡಿದಾಗ ಫುಸಾಯೆ ಅಡಿಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತಿದ್ದರು. ಚಾಕುವಿನ ತಾಳ ತಪ್ಪದೆ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಹೋಯಿತು. ಫುಸಾಯೆಗೆ ಅದು ತಿಳಿಯಲೇ ಇಲ್ಲ. ಕೊಗುರೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟರಂತೆ. ಈರುಳ್ಳಿಯೇ ಇಲ್ಲದ ದಿನ ಇವರಿಗೇಕೆ ಕಣ್ಣೀರು ಎಂದು ಫುಸಾಯೆ ಯೋಚಿಸಿದರಂತೆ.

ಹಬ್ಬದ ಸಂಜೆ ಬಂತು. ಭಿತ್ತಿಪತ್ರದ ದೆಸೆಯಿಂದ ಮೈದಾನದಲ್ಲಿ ಹೋದ ವರ್ಷಕ್ಕಿಂತ ಹೆಚ್ಚು ಜನ ಇದ್ದರು. ಆದರೂ ಸುತ್ತು ಕೂಡಿರಲಿಲ್ಲ. ಸಾಸೇಜು ಅಂಗಡಿಯಿಂದ ಸೈಕಲ್ ಸ್ಟ್ಯಾಂಡಿನವರೆಗೆ ದೊಡ್ಡ ಬಾಯಿ ಬಿಟ್ಟುಕೊಂಡಿತ್ತು. ಅಟ್ಟಣೆಯ ಮೇಲೆ ನಾನು ಮತ್ತು ಡೋಲು, ಕೊಗುರೆ ಮತ್ತು ಲ್ಯಾಪ್‌ಟಾಪ್, ಬೀಸಣಿಗೆ ಹಿಡಿದ ಫುಸಾಯೆ.

"ನೀವ್ಯಾಕೆ ಮೇಲೆ ಹತ್ತಿದ್ರಿ?" ಎಂದು ಅರಾಮಾಕಿ ಕೆಳಗಿನಿಂದ ಕೇಳಿದರು.

"ಕಲಿಸೋ ಗಾಡೀಲಿ ಪಕ್ಕದೋರ ಕಾಲ್ಕೆಳಗೂ ಒಂದು ಬ್ರೇಕ್ ಇರತ್ತಲ್ಲ ಅಧ್ಯಕ್ಷರೇ," ಎಂದರು ಫುಸಾಯೆ, "ಇವ್ರಿಗೆ ಮದುವೆ ದಿನದಿಂದ ಅದು ನಾನೇ."

ರೇಷ್ಮೆ ಹಾಡು ಶುರುವಾಯಿತು. ತ್ಸುಕುಯಿ ಅಜ್ಜಿ ಸುತ್ತಿನ ಮುಂದೆ ನಿಂತು ಕೈ ಎತ್ತಿದರು. ಹಾಡು ಕೊನೆಯ ನುಡಿಗೆ ಬರುತ್ತಲೇ ಜನರ ಮುಖದಲ್ಲಿ ಹೊರಡುವ ಕಳೆ ಮೂಡತೊಡಗಿದ್ದು ನನಗೆ ಮೇಲಿನಿಂದ ಕಂಡಿತು. ಕೆಲವರು ಬಗ್ಗಲು ಸೊಂಟವನ್ನೂ ಸಿದ್ಧಮಾಡಿಕೊಂಡಿದ್ದರು. ಕೊಗುರೆಯವರು ಕೈಗವಸು ಎಳೆದುಕೊಂಡರು.

"ಕನ್ನಡಿ" ಎಂದರು. "ಸಿಗ್ನಲ್."

ಹೊಳೆ ಹಾಡು ರೇಷ್ಮೆ ಹಾಡಿನ ಪಕ್ಕದಲ್ಲಿ ಬಂದು, ಜೊತೆಯಲ್ಲಿ ಓಡಿ, ಒಳಗೆ ಜಾರಿತು. ಕಾಲುಗಳು ನಿಲ್ಲಲಿಲ್ಲ. ನಿಲ್ಲಬೇಕೆಂದು ಅವುಗಳಿಗೆ ಯಾರೂ ಹೇಳಲೇ ಇಲ್ಲ. ಬಗ್ಗಲು ಹೊರಟ ಸೊಂಟಗಳು ಅರ್ಧದಿಂದಲೇ ನೆಟ್ಟಗಾದವು. ಅಂಚೆ ಕಚೇರಿಯ ಮೇಡಂ ಗಂಡನಿಗೆ, "ಹಾಡು ಮುಗೀತಾ?" ಎಂದು ಕೇಳಿದರೆ ಆತ, "ಮುಗಿದ ಹಾಗೆ ಕಾಣ್ಲಿಲ್ವಲ್ಲ" ಎಂದು ಕೈ ಆಡಿಸಿದ. ಮುಗಿದಿಲ್ಲವೆಂದ ಮೇಲೆ ಹೊರಡುವ ಹಾಗಿಲ್ಲ. ಮೈದಾನಕ್ಕೆ ಬರುವವರು ಬರುತ್ತಲೇ ಇದ್ದರು, ಹೋಗುವವರು ಮಾತ್ರ ಹೋಗಲಾರದಾದರು.

ಆ ಹೊತ್ತಿಗೆ ಸುನಾಗಾ ಸಾಹೇಬರ ಕಾರು ಬಂತು. ಮೈಕು ಅಟ್ಟಣೆಯ ಕೆಳಗಿತ್ತು. ಅಟ್ಟಣೆ ಸುತ್ತಿನ ಒಳಗಿತ್ತು. ಕುಣಿಯುವವರನ್ನು ಸೀಳಿಕೊಂಡು ಹೋದರೆ ಮತ ಸೀಳಿಹೋಗುತ್ತದೆ. ಸಾಹೇಬರು ಮೂರನೆಯ ಹಾಡು ಮುಗಿಯಲಿ ಎಂದು ಭಾಷಣದ ಹಾಳೆ ಹಿಡಿದು ನಿಂತರು. ಮೂರನೆಯದು ನಾಲ್ಕನೆಯದರೊಳಗೆ ಜಾರಿತು. ಸಾಹೇಬರು ಕೆಮ್ಮಿದರು. ನಾಲ್ಕನೆಯದು ಐದನೆಯದನ್ನು ಪಕ್ಕಕ್ಕೆ ಕರೆದುಕೊಂಡಿತು.

"ಅಧ್ಯಕ್ಷರೇ, ಇದು ಯಾವ ಹಾಡು?"

"ಮೂರನೇದೋ ಆರನೇದೋ ಇರ್ಬೇಕು ಸಾಹೇಬ್ರೇ. ಅಲ್ಲಿವರೆಗೆ ಒಂದು ಸುತ್ತು ಹಾಕಿಬಿಡಿ, ಮುಗಿದ ತಕ್ಷಣ ಮೈಕಿನ ಹತ್ರಾನೇ ಇರ್ತೀರಿ."

ಸಾಹೇಬರು ಸೂಟಿನಲ್ಲೇ ಸುತ್ತಿಗೆ ಸೇರಿದರು. ಒಮ್ಮೆ ಮೈಕನ್ನು ದಾಟಿದರು, ಮತ್ತೊಮ್ಮೆ ದಾಟಿದರು. ಪ್ರತಿ ಸಲ ದಾಟುವಾಗಲೂ ಅದರ ಕಡೆ ಅವರು ಕೈ ಚಾಚುತ್ತಿದ್ದರು. ಅವರ ಹಿಂದೆ ಇದ್ದವರು ಅದೂ ಕುಣಿತದ ಒಂದು ವರಸೆ ಎಂದುಕೊಂಡು ತಾವೂ ಚಾಚಿದರು.

ಇಷ್ಟರಲ್ಲಿ ನನ್ನ ತೋಳುಗಳು ನನ್ನವಾಗಿ ಉಳಿದಿರಲಿಲ್ಲ. ಸಂದುಗಳಲ್ಲಿ ಬಾರ್ಲಿ ಚಹಾ ಕುಡಿಯುತ್ತಿದ್ದವನು ನಾನು. "ಕೊಗುರೆಯವ್ರೇ, ಒಂದು ಗುಟುಕು" ಎಂದೆ. "ಹೆದ್ದಾರೀಲಿ ನಿಲ್ಲಿಸೋ ಹಾಗಿಲ್ಲ" ಎಂದರು ಅವರು ತೆರೆಯಿಂದ ಕಣ್ಣು ತೆಗೆಯದೆ. ಅವರ ಮುಖದಲ್ಲಿ ನಾನು ಹಿಂದೆಂದೂ ನೋಡದ ಒಂದು ಬೆಳಕಿತ್ತು. ಆ ಬೆಳಕಿನಲ್ಲೇ ಅವರು ತಪ್ಪು ಹಾಡಿನ ಮೇಲೆ ಬೆರಳಿಟ್ಟರು.

ಆ ಲ್ಯಾಪ್‌ಟಾಪಿನಲ್ಲಿ ಡ್ರೈವಿಂಗ್ ಶಾಲೆಯ ಸಂಚಾರ ಸುರಕ್ಷೆಯ ಹಾಡೂ ಇತ್ತು. ತಾಳ ಮಾತ್ರ ಅಚ್ಚುಕಟ್ಟಾಗಿ ಕೂತಿತ್ತು. ಹೊಂದಿಸಿದ್ದು ಯಾವ ಹಾಡು ಎಂದು ಕೊಗುರೆಯವರು ನೋಡಿರಲಿಲ್ಲ. ಬೊನ್ ಕುಣಿತದ ಮಧ್ಯೆ ಒಬ್ಬ ಹೆಂಗಸಿನ ಉತ್ಸಾಹದ ದನಿ ಮೈದಾನವನ್ನು ತುಂಬಿತು: "ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಇನ್ನೊಂದ್ಸಲ ಬಲಕ್ಕೆ ನೋಡಿ."

ಈಗ ಒಬ್ಬರು ನಿಂತರೆ ಎಲ್ಲರೂ ನಿಲ್ಲುತ್ತಾರೆ, ನಿಂತರೆ ಹೊರಡುತ್ತಾರೆ. ಇಡೀ ಸುತ್ತು ತ್ಸುಕುಯಿ ಅಜ್ಜಿಯ ಬೆನ್ನನ್ನೇ ನೋಡುತ್ತಿತ್ತು. ಅಜ್ಜಿ ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ನಿಧಾನವಾಗಿ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಇನ್ನೊಮ್ಮೆ ಬಲಕ್ಕೆ ನೋಡಿ, ರಸ್ತೆ ದಾಟುವ ಮಕ್ಕಳಂತೆ ಕೈ ಮೇಲಕ್ಕೆತ್ತಿ ಮುಂದೆ ನಡೆದರು. ನೂರು ತಲೆ ಬಲಕ್ಕೆ ತಿರುಗಿತು, ಎಡಕ್ಕೆ ತಿರುಗಿತು, ನೂರು ಕೈ ಮೇಲೆದ್ದಿತು. ಮಕ್ಕಳಿಗೆ ಇದು ಶಾಲೆಯಲ್ಲೇ ಬಾಯಿಪಾಠವಾಗಿತ್ತು. ಸಾಸೇಜಿನ ಸಾಲಿನಲ್ಲಿದ್ದವರೆಲ್ಲ ಓಡಿಬಂದು ಸುತ್ತಿಗೆ ಬಿದ್ದರು.

ಗದ್ದಲವಾಗುತ್ತಿದೆಯೆಂದು ದೂರು ಹೋಗಿ, ಹತ್ತಿರದ ಠಾಣೆಯ ಪೊಲೀಸ್ ಸೈಕಲಿನಲ್ಲಿ ಬಂದದ್ದು ಆಗಲೇ. ಶಿಳ್ಳೆ ಬಾಯಿಗಿಟ್ಟು ಹಾಡು ಕೇಳಿದ. ಶಿಳ್ಳೆ ಕೆಳಗಿಳಿಯಿತು.

"ಇದನ್ನ ನಾನು ಹೇಗೆ ನಿಲ್ಲಿಸ್ಲಿ?" ಎಂದ ಅರಾಮಾಕಿಯವರಿಗೆ. "ಇಲಾಖೆ ಹೇಳ್ತಿರೋದೂ ಇದನ್ನೇ."

ಸ್ವಲ್ಪ ಹೊತ್ತು ನಿಂತು ನೋಡಿ, ಕರ್ತವ್ಯದ ಮುಖ ಹೊತ್ತು ಅವನೂ ಸುತ್ತಿಗೆ ಸೇರಿದ. ದೂರು ಕೊಟ್ಟವರು ಎದುರಿನ ಹೊಸ ಕಟ್ಟಡದ ಏಳನೆಯ ಮಹಡಿಯ ಒಬ್ಬ ಗೃಹಸ್ಥರು. ಊರಿಗೆ ಬಂದು ಕೆಲವೇ ತಿಂಗಳಾಗಿದ್ದ ಅವರು ಪೊಲೀಸ್ ಏನು ಮಾಡುತ್ತಿದ್ದಾನೆಂದು ಮೇಲಿನಿಂದ ಇಣುಕಿದರು. ಪೊಲೀಸ್ ಬಲಕ್ಕೆ ನೋಡುತ್ತಿದ್ದ. ತಾನೇ ನಿಲ್ಲಿಸುತ್ತೇನೆಂದು ಮನೆಯ ಚಪ್ಪಲಿಯಲ್ಲೇ ಇಳಿದುಬಂದರು.

"ಯಾರ್ರೀ ಹಾಡು ಹಾಕ್ತಿರೋದು? ಅವ್ರ ಹತ್ರ ಮಾತಾಡ್ಬೇಕು ನಾನು."

"ಮೇಲಿದ್ದಾರೆ" ಎಂದರು ಅರಾಮಾಕಿ. "ಆದ್ರೆ ಹಾಡಿನ ಮಧ್ಯೆ ಅಡ್ಡ ದಾಟೋ ಪದ್ಧತಿ ಇಲ್ಲ. ಸುತ್ತಿನ ಜೊತೆ ಹೋದ್ರೆ ಏಣಿ ಸಿಗತ್ತೆ."

ಏಳನೆಯ ಮಹಡಿಯವರು ಗೊಣಗುತ್ತ, ಉಳಿದಿದ್ದ ಒಂದೇ ಒಂದು ಜಾಗದಲ್ಲಿ ಕಾಲಿಟ್ಟರು. ಅದು ಸುತ್ತಿನ ಬಾಲಕ್ಕೂ ತ್ಸುಕುಯಿ ಅಜ್ಜಿಗೂ ನಡುವಿನ ಜಾಗ. ಅಜ್ಜಿ ಹಿಂದಿರುಗಿ ನೋಡಿದರು. ಎಷ್ಟೋ ವರ್ಷಗಳಿಂದ ಅವರ ಬೆನ್ನ ಹಿಂದೆ ಕತ್ತಲೆ ಮಾತ್ರ ಇರುತ್ತಿತ್ತು. ಈಗ ಚಪ್ಪಲಿ ಹಾಕಿದ, ಮುಖ ಗಂಟಿಕ್ಕಿದ ಒಬ್ಬ ಮನುಷ್ಯ ಇದ್ದ.

"ಬನ್ನಿ" ಎಂದರು ಅಜ್ಜಿ. "ಮೊದಲು ಬಲಗಾಲು. ಹಾಂ, ಹಾಗೇ. ಚೆನ್ನಾಗಿ ಬರತ್ತೆ ನಿಮ್ಗೆ."

ಅವರು ಒಂದು ಸುತ್ತು ಗೊಣಗಿದರು, ಎರಡನೆಯ ಸುತ್ತಿನಲ್ಲಿ ಕೈ ಎತ್ತಿದರು. ಏಣಿ ಎರಡು ಸಲ ಬಂದು ಹೋಯಿತು. ಅವರು ನೋಡಲಿಲ್ಲ.

ಸುತ್ತು ಕೂಡಿತ್ತು. ನನ್ನ ಕಣ್ಣು ಮಂಜಾಯಿತು, ಅದಕ್ಕೆ ಬೆವರು ಕಾರಣವಲ್ಲ. ನಾನು ಡೋಲನ್ನು ಹೊಡೆದ ಹೊಡೆತಕ್ಕೆ ತ್ಸುಕುಯಿ ಅಜ್ಜಿಯ ಯಜಮಾನರು ಎಲ್ಲೇ ಇದ್ದರೂ ದಾರಿ ಕಂಡಿರಬೇಕು. ಅರಾಮಾಕಿಯವರು ಷರತ್ತು ಮರೆತು, ಹೊರಗಡೆ ಎರಡನೆಯ ಸುತ್ತು ಶುರುಮಾಡಿದ್ದರು.

ಆದರೆ ಒಂದು ತೊಡಕು ಉಳಿದಿತ್ತು. ನಿಯಮದಂತೆ ರಾತ್ರಿ ಒಂಬತ್ತಕ್ಕೆ ಸದ್ದು ನಿಲ್ಲಬೇಕು. ಹಾಡುಗಳೆಲ್ಲ ಒಮ್ಮೆ ಮುಗಿದು, ರೇಷ್ಮೆ ಹಾಡು ಎರಡನೆಯ ಸಲ ಓಡುತ್ತಿತ್ತು. ಕೊಗುರೆಯವರು ನನ್ನ ಕಡೆ ತಿರುಗಿದರು. ಮುಖದ ಬೆಳಕು ಆರಿತ್ತು.

"ಸೇರಿಸೋದು ಕಲಿತೆ ಲಾಂಡ್ರಿಯವರೇ. ನಿಲ್ಲಿಸೋದು ಅಭ್ಯಾಸ ಮಾಡೋಕೆ ಮರೆತೆ. ಈಗ ಪಕ್ಕನೆ ನಿಲ್ಲಿಸಿದ್ರೆ ಎಲ್ರೂ ಮುಗ್ಗರಿಸ್ತಾರೆ. ಸುತ್ತು ಒಡೆಯತ್ತೆ. ಮುಗಿಯೋವಾಗ ಕೂಡಿರ್ಬೇಕು ಅಂದಿದ್ರಲ್ಲ."

ನನ್ನ ತೋಳುಗಳು ಸ್ವಂತ ಬುದ್ಧಿಯಿಂದ ಬಡಿಯುತ್ತಿದ್ದವು. ಆಗ ಫುಸಾಯೆ ಬೀಸಣಿಗೆ ಮಡಿಸಿ, ಗಂಡನ ಪಾದದ ಮೇಲೆ ತಮ್ಮ ಪಾದ ಇಟ್ಟು ಮೆತ್ತಗೆ ಒತ್ತಿದರು.

"ರೀ. ಶಿಷ್ಯರಿಗೆ ಏನು ಹೇಳ್ಕೊಡ್ತೀರಿ? ಗಾಡಿ ನಿಂತಿದ್ದು ಹಿಂದೆ ಕೂತೋರಿಗೆ ಗೊತ್ತಾಗ್ಬಾರ್ದು ಅಂತ ಅಲ್ವಾ?"

ಕೊಗುರೆಯವರು ವೇಗದ ಪಟ್ಟಿಯ ಮೇಲೆ ಬೆರಳಿಟ್ಟರು. ಕೂದಲೆಳೆಯಷ್ಟು ಕೆಳಗೆ. ಮತ್ತೊಂದು ಕೂದಲೆಳೆ. ರೇಷ್ಮೆ ಹಾಡು ಓಟದಿಂದ ನಡಿಗೆಗೆ ಬಂತು. ನಾನು ಡೋಲನ್ನು ಅದರ ಜೊತೆ ಇಳಿಸಿದೆ. ಕೆಳಗೆ ಕೈಗಳು ನಿಧಾನವಾದವು, ಹೆಜ್ಜೆ ನೀರಿನಲ್ಲಿಟ್ಟಂತೆ ಆಯಿತು, ಮಕ್ಕಳು ಕೂಡ ತಾಳ ಬಿಡಲಿಲ್ಲ. ಕೊನೆಯ ಚಪ್ಪಾಳೆ ಎಲ್ಲರ ಕೈಯಿಂದ ಒಟ್ಟಿಗೆ ಬಿತ್ತು. ಆಮೇಲೆ ಯಾರೂ ಕದಲಲಿಲ್ಲ. ಸುತ್ತು ಎಲ್ಲಿತ್ತೋ ಅಲ್ಲೇ, ತಲೆಗೆ ಬಾಲ ಮುಟ್ಟಿಕೊಂಡು, ಗೆರೆಗಳ ನಡುವೆ ನಿಲ್ಲಿಸಿದ ಗಾಡಿಯಂತೆ ನಿಂತಿತ್ತು.

ಮೈದಾನ ಹೋ ಎಂದಿತು. ಅರಾಮಾಕಿಯವರು ಷರತ್ತನ್ನು ನೆನಪಿಸಿಕೊಂಡು, ಅದನ್ನು ಗೆದ್ದವರು ತಾವೇ ಎಂಬಂತೆ ಕೂಗಿದರು. ಏಳನೆಯ ಮಹಡಿಯವರು ಅಜ್ಜಿಯನ್ನು, "ಅಭ್ಯಾಸ ವಾರಕ್ಕೆ ಎಷ್ಟು ದಿನ ಇರತ್ತೆ?" ಎಂದು ಕೇಳುತ್ತಿದ್ದರು. ಈ ಸಂಭ್ರಮದ ನಡುವೆ ಏಣಿ ಕಿರುಗುಟ್ಟಿತು. ಬೆವರಿಳಿಯುತ್ತಿದ್ದ ಸುನಾಗಾ ಸಾಹೇಬರು, ಮುದ್ದೆಯಾದ ಭಾಷಣ ಹಿಡಿದು, ಮೇಲೆ ಬಂದು ನಿಂತರು.

"ನೀವೇನಾ ಕೊಗುರೆ? ನಮ್ಮ ಡಿಸ್ಕೊದಲ್ಲಿ ನಿಮ್ಮನ್ನ ನೋಡಿದ ನೆನಪೇ ಇಲ್ವಲ್ಲ."

ಮೌನ ಬಿತ್ತು, ಈ ಸಲ ಮಾತ್ರ ಕೊಗುರೆಯವರ ಬಾಯಿ ತೆರೆಯಲಿಲ್ಲ. ಅದರ ಬದಲು ಅವರು, ಎರಡು ವರ್ಷದ ಅಭ್ಯಾಸಬಲದಿಂದ, ಬಿಳಿ ಕೈಗವಸಿನ ಕೈಗಳನ್ನು ಮುಂದೆ ಕಟ್ಟಿಕೊಂಡು, ಸಾಹೇಬರ ಪಾದದ ಕಡೆ ನೋಡಿದರು.

ಸಾಹೇಬರು ತಟ್ಟನೆ ಒಂದು ಪಾದವನ್ನು ಇನ್ನೊಂದರ ಹಿಂದೆ ಅಡಗಿಸಿಕೊಂಡರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸಾಹೇಬರ ಮುಖದಲ್ಲಿ ಮೂವತ್ತೈದು ವರ್ಷದ ಹಿಂದಿನ ಶನಿವಾರಗಳೆಲ್ಲ ಒಂದೊಂದಾಗಿ ಹಾದುಹೋದವು.

"ಕ್ಯಾನ್ವಾಸ್ ಶೂ" ಎಂದರು ಕೊಗುರೆ, ಬಲು ಮೆಲ್ಲಗೆ. "ನೀಲಿ ಬಣ್ಣದ್ದು. ಪ್ರತಿ ವಾರ ಬರ್ತಿದ್ರಿ."

"ಬಾಗಿಲು!" ಎಂದರು ಸಾಹೇಬರು. "ನೀವು ಬಾಗಿಲಿನೋರು."

ಅಷ್ಟರಲ್ಲಿ ಸಾಹೇಬರಿಗೂ ತಾವು ಏನು ಹೇಳಿಬಿಟ್ಟೆವೆಂದು ಹೊಳೆಯಿತು. ಬಾಗಿಲಿನವನು ಯಾರೆಂದು ಅಷ್ಟು ಚೆನ್ನಾಗಿ ತಿಳಿದಿರುವುದು ಬಾಗಿಲ ಹೊರಗೇ ಉಳಿದವರಿಗೆ. ಇಬ್ಬರೂ ಒಟ್ಟಿಗೆ ಬಗ್ಗಿದರು. ಎದ್ದು ನೋಡಿ ಮತ್ತೆ ಬಗ್ಗಿದರು. ಫುಸಾಯೆ ಬೀಸಣಿಗೆಯ ಹಿಂದೆ ಮುಖ ಮುಚ್ಚಿಕೊಂಡಿದ್ದರು, ಬೀಸಣಿಗೆ ಅಲುಗುತ್ತಿತ್ತು. ಕೆಳಗಿನಿಂದ ತ್ಸುಕುಯಿ ಅಜ್ಜಿಯ ದನಿ ಬಂತು.

"ಒಳ್ಳೇದೇ ಆಯ್ತಲ್ಲೋ ಮಿತ್ಸು. ನಮ್ಗೆ ಬೇಕಾಗಿದ್ದೂ ಬಾಗಿಲು ಕಾಯೋನೇ."

ಸುನಾಗಾ ಸಾಹೇಬರು ಭಾಷಣದ ಹಾಳೆಯಿಂದ ಕತ್ತಿನ ಬೆವರು ಒರೆಸಿಕೊಂಡರು. ಹೊರಡಲೆಂದು ಏಣಿಯ ಮೇಲೆ ಕಾಲಿಟ್ಟು ತಿರುಗಿ ನೋಡಿದರು.

"ಅವತ್ತು ಒಂದು ದಿನವಾದ್ರೂ ಒಳಗೆ ಬಿಡ್ಲಿಲ್ಲ ನೀವು" ಎಂದರು. "ಇವತ್ತು ಹೊರಗೆ ಬಿಡ್ಲಿಲ್ಲ."